ಟೈಲರಮ್ಮ ಬರೀ ಕೂತಿದ್ದ ಬೆಳಗು

ಟೈಲರಮ್ಮನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇತ್ತು. ಯಾರಾದರೂ ಕೇಳಿದರೆ, "ನರಗಳ ಲೈನಿಂಗ್ ಹರಿಯೋ ಕಾಯಿಲೆ. ಎಲ್ಲಾ ಹೊಲೀತೀನಿ, ಅದೊಂದು ಹೊಲಿಯೋಕೆ ಬರಲ್ಲ" ಎನ್ನುತ್ತಿದ್ದಳು. ಅವಳ ಕಾಲಿಗೆ ಶ್ರಮವಾಗಬಾರದೆಂದು ಗಂಡ ಹೊಲಿಗೆ ಯಂತ್ರಕ್ಕೆ ಮೋಟಾರು ತಂದುಕೊಟ್ಟಿದ್ದ.

ಈ ಕಾಯಿಲೆಯವರು ವ್ಯಾಯಾಮ ಮಾಡಿದರೆ ರಕ್ತದಲ್ಲಿ ಏನೇನು ಬದಲಾಗುತ್ತದೆಂದು ಆಸ್ಪತ್ರೆಯವರು ಪರೀಕ್ಷಿಸುತ್ತಿದ್ದರು. ನರ್ಸ್ ಮನೆಗೇ ಬಂದು, ಕುರ್ಚಿಯ ಮುಂದಿಡುವ ಪುಟ್ಟ ಪೆಡಲನ್ನು ತುಳಿಸುವ ಮೊದಲೊಮ್ಮೆ, ತುಳಿಸಿದ ಮೇಲೊಮ್ಮೆ ರಕ್ತ ತೆಗೆದುಕೊಂಡು ಹೋದಳು.

ಮರುವಾರ ತಲೆ ಕೆರೆದುಕೊಳ್ಳುತ್ತಾ ಬಂದಳು. "ಅಮ್ಮಾ, ಮೈ ದಣಿದ ಮೇಲೆ ಏರಬೇಕಾದ ಲ್ಯಾಕ್ಟೇಟ್ ನಿಮಗೆ ಪೆಡಲ್ ಮುಟ್ಟೋ ಮೊದಲೇ ಏರಿತ್ತು. ಅವತ್ತು ಬೆಳಗ್ಗೆ ಏನು ಮಾಡಿದ್ರಿ?"

"ಏನೂ ಇಲ್ಲ ಕಣಮ್ಮ. ಬರೀ ಕೂತಿದ್ದೆ."

"ಎಲ್ಲಿ?"

"ಇನ್ನೆಲ್ಲಿ, ಮೆಷಿನ್ ಮುಂದೆ. ನೀನು ಬಾಗಿಲು ತಟ್ಟೋವರೆಗೂ ತುಳೀತಾ ಪರದೆ ಹೊಲೀತಿದ್ದೆ."

"ತುಳಿಯೋದ್ಯಾಕೆ? ಮೋಟಾರಿದೆಯಲ್ಲ!" ಎಂದು ಗಂಡ ಯಂತ್ರದ ಕಡೆ ಬಗ್ಗಿ ನೋಡಿದ. ಮೋಟಾರು ಅಲ್ಲಿರಲಿಲ್ಲ. ಕಿಟಕಿಯ ಬಳಿ, ಕತ್ತರಿಸಿದ ಅಳತೆ ಕಾಗದಗಳು ಗಾಳಿಗೆ ಹಾರದಂತೆ ಅವುಗಳ ಮೇಲೆ ಕೂತಿತ್ತು.

"ಉಪಯೋಗಕ್ಕೆ ಬರ್ತಿದೆಯಲ್ಲ," ಎಂದಳು ಟೈಲರಮ್ಮ, ಗಂಡನ ಮುಖ ನೋಡದೆ.

ಮುಂದಿನ ಪರೀಕ್ಷೆಯ ದಿನ ಬೆಳಗ್ಗೆಯಿಂದ ಮೆಷಿನ್ ಮುಟ್ಟಬಾರದೆಂದು ನರ್ಸ್ ಅಪ್ಪಣೆ ಮಾಡಿದಳು. ಅಂದು ಗಂಡ ಪಕ್ಕದಲ್ಲೇ ಕಾವಲು ಕೂತ. ಒಳಬಂದ ನರ್ಸ್ ಚೀಲ ಇಳಿಸುವಷ್ಟರಲ್ಲೇ ಟೈಲರಮ್ಮ ಕೈ ಚಾಚಿದಳು.

"ಬೇಗ ರಕ್ತ ತಗೊಂಡು ಆ ಪೆಡಲ್ ಕೊಡಮ್ಮ. ಸುಮ್ಮನೆ ಕೂತು ಕೂತು ಸುಸ್ತಾಗಿಹೋಯ್ತು."