ನೇಜಿ ಹೆಜ್ಜೆ ಯಾರದ್ದು

ಬೆಳ್ಮಣ್ಣಿನ ಸೋನಿಯಾ ಹಗಲೆಲ್ಲ ಮಣಿಪಾಲದ ಜೆರಾಕ್ಸ್ ಅಂಗಡಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಬೈಂಡಿಂಗ್ ಹಾಕುತ್ತಾಳೆ. ಸಂಜೆ ಊರಿನ ಮುಚ್ಚಿದ ಅಕ್ಕಿಗಿರಣಿಯ ಅಂಗಳದಲ್ಲಿ ಹಿಪ್-ಹಾಪ್ ಕಲಿಸುತ್ತಾಳೆ. ಹದಿನಾಲ್ಕು ವರ್ಷದಿಂದ ಇದೇ. ಮದುವೆಯ ಮಾತು ಬಂದಾಗಲೆಲ್ಲ ತಾಯಿ ಲೊರ್ನಾಬಾಯಿ ಗೊಣಗುತ್ತಾರೆ: "ಅಮೆರಿಕದವರ ಕುಣಿತ ಕುಣಿಯುವವಳನ್ನು ಯಾರು ಕೇಳುತ್ತಾರೆ? ಅದೆಂತ ಸಂಸ್ಕೃತಿಯಾ?"

ಸಂಸ್ಕೃತಿಯೇ, ಅದಕ್ಕೂ ಕಟ್ಟುಪಾಡು ಉಂಟು ಎನ್ನುವುದು ಸೋನಿಯಾಳ ಹಟ. ಒಬ್ಬರು ಕಟ್ಟಿದ ಹೆಜ್ಜೆಯನ್ನು ಇನ್ನೊಬ್ಬರು ಹಾಕುವುದಾದರೆ ಕಟ್ಟಿದವರ ಹೆಸರು ಹೇಳಬೇಕು. ಹೇಳದವನು ಕಳ್ಳ.

ಅವಳು ಕಟ್ಟಿದ್ದೂ ಒಂದಿದೆ. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವವರು ಕೆಸರಿನಿಂದ ಹಿಮ್ಮಡಿ ಕಿತ್ತು ಹಿಂದಕ್ಕಿಡುತ್ತಾರಲ್ಲ, ಅದನ್ನು ಬೀಟಿಗೆ ಕೂರಿಸಲು ಎರಡು ಮಳೆಗಾಲ ಹಿಡಿಯಿತು. ಆ ನೇಜಿ ಹೆಜ್ಜೆಯನ್ನು ಮೊದಲು ಕಲಿಸಿದ್ದು ಎಲ್ಲೂರಿನ ರಿತೇಶನಿಗೆ. ಎಂಟನೇ ತರಗತಿಯಲ್ಲಿ ಬಂದವನು ಹತ್ತು ವರ್ಷ ಅವಳ ಮನೆಯಲ್ಲೇ ಉಂಡು ಬೆಳೆದಿದ್ದ.

ಈ ಬಾರಿ ಕಾಪು ಬೀಚಿನ ಸ್ಪರ್ಧೆಯಲ್ಲಿ ಅವನು ಅದೇ ಹೆಜ್ಜೆ ಹಾಕಿ ಗೆದ್ದ. ಈ ಹೆಜ್ಜೆ ಯಾರದ್ದು ಎಂದು ನಿರೂಪಕ ಕೇಳಿದಾಗ, ಮುಂದಿನ ಸಾಲಿನಲ್ಲಿದ್ದ ಸೋನಿಯಾ ಎದ್ದು ನಿಲ್ಲಬೇಕಾದೀತೆಂದು ಕೂದಲು ಸರಿಮಾಡಿಕೊಂಡಳು, ಪಾಪ.

"ನಾನೇ ಮಾಡಿದ್ದು," ಎಂದ ರಿತೇಶ್, ಮೈಕಿನಲ್ಲಿ.

ವೇದಿಕೆಯ ಹಿಂದೆ ಹೋಗಿ ಅವನನ್ನು ನಿಲ್ಲಿಸಿದಳು. "ಎಂತಕ್ಕೆ ಹಾಗೆ ಹೇಳಿದ್ದು ನೀನು?"

"ಸೋನಿಯಕ್ಕ, ಇದೆಂತ ಯಕ್ಷಗಾನವಾ, ಗುರುಗಳ ಹೆಸರು ಹೇಳಲಿಕ್ಕೆ? ಬರೀ ಡ್ಯಾನ್ಸ್ ಅಲ್ವಾ."

ತಾಯಿಯಿಂದ ಇಂಥದ್ದನ್ನು ಕೇಳಿ ಕೇಳಿ ಅವಳಿಗೆ ಅಭ್ಯಾಸವಾಗಿತ್ತು. ಆದರೆ ಇವನ ಬಾಯಿಂದ? ಕೈಯಾರೆ ಬೆಳೆಸಿದವನೇ ಬೆನ್ನಿಗೆ ಚೂರಿ ಹಾಕಿದ್ದ. ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ಹತ್ತಿದವಳು ಬೆಳ್ಮಣ್ ಬರುವ ತನಕ ಅತ್ತಳು. ಕಂಡಕ್ಟರ್ ಟಿಕೆಟ್ ಕೇಳಲೂ ಹಿಂಜರಿದ.

ಮರುದಿನ ಅಂಗಳದಲ್ಲಿ ಕಲಿಸಬೇಕಾಗಿದ್ದದ್ದು ಒಂಟಿ ಕೈ ಊರಿ ಸುತ್ತುವ ತಿರುವು. ಕ್ಲಾಸಿನ ರೂಢಿಯಂತೆ ಚೈತಾಲಿ ಕೇಳಿದಳು, "ಇದು ಯಾರದ್ದು ಟೀಚರ್?" ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಕಾಪುವಿನ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು, ಆ ತಿರುವನ್ನು ಕಟ್ಟಿದವನು ರಿತೇಶ್ ಎಂಬುದು ದೊಡ್ಡ ಮಕ್ಕಳಿಗೆ ಗೊತ್ತಿತ್ತು.

ಯಾರದ್ದೋ ಎಂದುಬಿಡಬಹುದಿತ್ತು. ಸೋನಿಯಾಳಿಗೆ ಹಾಗನ್ನಲು ಬಹಳ ಆಸೆಯೂ ಆಯಿತು. ಅಂದಿದ್ದರೆ ಇದು ಬರೀ ಡ್ಯಾನ್ಸ್ ಎಂಬ ಅವನ ಮಾತೇ ನಿಜವಾಗುತ್ತಿತ್ತು.

"ರಿತೇಶನದ್ದು," ಎಂದಳು. ಬಾಯೆಲ್ಲ ಕಹಿಯಾಯಿತು. "ಹಾಕುವಾಗ ಹೆಸರು ಹೇಳಿಯೇ ಹಾಕಬೇಕು."