ಐಸ್ ಕಾಕ ತೆರೆದ ಬಾಗಿಲು

ಐಸಿಗೆ ವಾಸನೆ ಇಲ್ಲ ಎನ್ನುತ್ತಾರೆ. ಇದೆ. ಕಳೆದ ವಾರ ದೋಹಾದ ಅಬು ಹಮೂರಿನ ಮೀನಿನಂಗಡಿಯಲ್ಲಿ ಕೆಲಸದವನೊಬ್ಬ ಸಲಿಕೆ ತುಂಬ ಐಸ್ ಎತ್ತಿ ಅಂಜಲ್ ಮೀನುಗಳ ಮೇಲೆ ಸುರಿದಾಗ ಆ ವಾಸನೆ ಮೂಗಿಗೆ ಬಂತು. ಒದ್ದೆ ಕಬ್ಬಿಣದ್ದು, ಸ್ವಲ್ಪ ರಬ್ಬರಿನದ್ದು, ಅದರ ಹಿಂದೆ ಎಲ್ಲೋ ಉಪ್ಪಿನದ್ದು. ಹೊರಗೆ ನೆಲ ಸುಡುತ್ತಿತ್ತು. ನಾನು ಮೀನು ಕೇಳುವುದನ್ನು ಮರೆತು ನಿಂತುಬಿಟ್ಟೆ. ಕಣ್ಣೆದುರು ಬಿಳಿಯ ಒಂದು ಅಂಗಳ, ಅದರ ನಡುವೆ ಕುಕ್ಕರಗಾಲಿನಲ್ಲಿ ಕುಳಿತ ಒಬ್ಬ ಮನುಷ್ಯ…

ಅವರನ್ನು ಎಲ್ಲರೂ ಐಸ್ ಕಾಕ ಎನ್ನುತ್ತಿದ್ದರು. ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಹಿರಿಯ ಗಂಡಸರನ್ನು ಕಾಕ ಎಂದು ಕರೆಯುವುದುಂಟು. ಮಂಗಳೂರಿನ ಬಂದರಿನ ಐಸ್ ಪ್ಲಾಂಟಿನಲ್ಲಿ ಮೀನಿಗೆ ಐಸ್ ಮಾಡುತ್ತಿದ್ದವರು ದೋಹಾಕ್ಕೆ ಬಂದು, ಐಸಿನ ಮೇಲೆ ಆಡುವ ಹಾಕಿಯ ಅಂಗಳಕ್ಕೆ ಐಸ್ ಮಾಡುವವರಾಗಿದ್ದರು. ನಾನಾಗ ಇಲ್ಲಿನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಕ್ರೀಡಾ ವರದಿಗಾರ. ಯಾರಿಗೂ ಬೇಡವಾದ ಆ ಆಟ ನನ್ನ ಪಾಲಿಗೆ ಬಂದಿತ್ತು.

ಅದು ಸಂಬಳ ಪಡೆದು ಆಡುವ ತಂಡ. ಒಂದು ಬೇಸಿಗೆಯಲ್ಲಿ ಒಪ್ಪಂದ ಮುಗಿದು ಹೊರದೇಶದ ಒಳ್ಳೆಯ ಆಟಗಾರರೆಲ್ಲ ಒಟ್ಟಿಗೆ ಹೊರಟುಹೋದರು. ಉಳಿದವರು ಮೂವರು ಮತ್ತು ಒಬ್ಬ ತರಬೇತುದಾರ. ತಂಡವನ್ನು ಮೊದಲಿನಿಂದ ಕಟ್ಟಬೇಕಾಯಿತು. ಇಲ್ಲಿನ ಹುಡುಗರು, ಗುಮಾಸ್ತರು, ಹಡಗುಕಟ್ಟೆಯ ಒಬ್ಬ ಮೆಕ್ಯಾನಿಕ್, ಹೀಗೆ ಸಿಕ್ಕವರನ್ನೆಲ್ಲ ಸೇರಿಸಿಕೊಂಡರು. ಎರಡು ವರ್ಷ ಸೋಲನ್ನೇ ಬರೆದೆ. ಖಾಲಿ ಕುರ್ಚಿಗಳ ನಡುವೆ ಕುಳಿತು, ಕಾಲಿಗೆ ಉಲ್ಲನ್ ಕಾಲುಚೀಲ ಹಾಕಿಕೊಂಡು.

ಆ ಎರಡು ವರ್ಷ ನಾನು ಆಟಕ್ಕಿಂತ ಹೆಚ್ಚು ನೋಡಿದ್ದು ಕಾಕನನ್ನು. ಅವರು ಬೆಚ್ಚನೆಯ ನೀರನ್ನು ಮಂಜಿನಷ್ಟು ತೆಳ್ಳಗೆ ಸಿಂಪಡಿಸುತ್ತಿದ್ದರು. ಅದು ಗಟ್ಟಿಯಾಗುವ ತನಕ ಕಾಯುತ್ತಿದ್ದರು. ಮತ್ತೆ ಒಂದು ಪದರ, ಮತ್ತೆ ಕಾಯುವುದು. ಬಿಳಿ ಬಣ್ಣ, ಕೆಂಪು ಗೆರೆ, ನೀಲಿ ಗೆರೆ, ಅದರ ಮೇಲೆ ಪದರದ ಮೇಲೆ ಪದರ. ದಿನಗಟ್ಟಲೆ ಹಿಡಿಯುತ್ತಿತ್ತು. ಕೊನೆಗೆ ಕುಕ್ಕರಗಾಲಿನಲ್ಲಿ ಕುಳಿತು, ಜೇಬಿನಿಂದ ಬೀಗದ ಕೈ ತೆಗೆದು ಐಸನ್ನು ಮೆಲ್ಲಗೆ ತಟ್ಟಿ ಕಿವಿಗೊಡುತ್ತಿದ್ದರು. ಬಂದರಿನಲ್ಲಿ ಕಲಿತ ಅಭ್ಯಾಸ. ಐಸಿನ ದಿಮ್ಮಿ ಒಳಗೆ ಟೊಳ್ಳಾಗಿದ್ದರೆ ದೋಣಿಯವರು ಬಯ್ಯುತ್ತಿದ್ದರಂತೆ.

"ಎಂತ ಹೇಳ್ತದೆ ಕಾಕ?" ಎಂದು ಒಮ್ಮೆ ಕೇಳಿದೆ.

"ಐಸ್ ರೆಡಿ ಉಂಟಂತೆ. ಆಡುವವರು ರೆಡಿ ಇಲ್ವಂತೆ ಮಾರಾಯ್ರೆ."

ಅಂಗಳದ ಹಿಂಬದಿಯಲ್ಲಿ ಒಂದು ದೊಡ್ಡ ಬಾಗಿಲಿತ್ತು. ಐಸನ್ನು ಹೆರೆದು ನಯ ಮಾಡುವ ಗಾಡಿ ಹೊರಹೋಗುವುದಕ್ಕಿದ್ದ ಬಾಗಿಲು. ಅಲ್ಲಿ ಕಾಕ ಅವರಿವರನ್ನು ಕೇಳಿ ಸ್ವಂತ ಕೈಯಿಂದ ನಾಲ್ಕು ಭಾಷೆಗಳಲ್ಲಿ ಬರೆದು ಅಂಟಿಸಿದ್ದರು. ಜನ ಒಳಗಿರುವಾಗ ಈ ಬಾಗಿಲು ತೆರೆಯಬಾರದು. ನಾಲ್ಕನೆಯದು ಕನ್ನಡ. ಅದನ್ನು ಓದಬಲ್ಲವರು ಆ ಕಟ್ಟಡದಲ್ಲಿ ನಾವಿಬ್ಬರೇ.

"ಇದು ಯಾರಿಗೆ ಕಾಕ?"

"ನನಗೇ. ಒಮ್ಮೊಮ್ಮೆ ಮರೆತುಹೋಗ್ತದಲ್ವಾ?"

ಮೂರನೆಯ ವರ್ಷ ಸೆಪ್ಟೆಂಬರಿನಲ್ಲಿ ತಂಡದ ಮಾಲೀಕರು ಒಂದು ಮಾತು ಹೇಳಿ ಕಳುಹಿಸಿದರು. ಮೊದಲ ಪಂದ್ಯಕ್ಕೆ ತಾವೇ ಬರುತ್ತೇವೆ, ಕುರ್ಚಿಗಳು ಹಿಂದಿನಂತೆ ಖಾಲಿ ಇದ್ದರೆ ತಂಡವನ್ನು ಮುಚ್ಚುತ್ತೇವೆ. ತರಬೇತುದಾರ ಇದನ್ನು ಆಟಗಾರರಿಗೆ ಓದಿ ಹೇಳಿದಾಗ ಕಾಕ ಗಾಡಿಯ ಪಕ್ಕದಲ್ಲಿ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದರು.

"ತಂಡ ಇಲ್ಲದಿದ್ರೆ ಮಷೀನ್ ಆಫ್ ಮಾಡ್ಲಿಕ್ಕೆ ಹೇಳ್ತಾರೆ. ಐಸ್ ಮಾಡ್ಲಿಕ್ಕೆ ಬಂದವ ನಾನು. ಕರಗಿಸುವುದು ನನ್ನಿಂದ ಆಗ್ಲಿಕ್ಕಿಲ್ಲ."

ಮರುದಿನದಿಂದ ಅವರು ಜನ ಕರೆಯಲು ಹೊರಟರು. ನಮ್ಮವರು ಹೆಚ್ಚಾಗಿ ಓಡಾಡುವ ಬಿನ್ ಒಮ್ರಾನಿನ ಅಂಗಡಿಗಳಿಗೆ ಹೋದರು. ಕಾರ್ಖಾನೆಗಳ ಊರಾದ ಮೆಸಯೀದಿನಲ್ಲಿ ಪರಿಚಯದ ಟೆಕ್ನಿಷಿಯನ್ ಒಬ್ಬರಿಗೆ ಹೇಳಿ ಕಂಪನಿ ಬಸ್ಸಿಗೆ ವ್ಯವಸ್ಥೆ ಮಾಡಿಸಿದರು. ಪಂದ್ಯ ಶುಕ್ರವಾರ, ಇಲ್ಲಿನ ರಜೆಯ ದಿನ. ಅಂದು ಪೂಜೆ ಬಿಡುವ ಹೊತ್ತಿಗೆ ಅಬು ಹಮೂರಿನ ಚರ್ಚಿನ ಗೇಟಿನ ಹೊರಗೆ ಟೊಪ್ಪಿ ಹಾಕಿಕೊಂಡು ನಿಂತರು. ನಮ್ಮೂರಿನವರನ್ನು ಒಬ್ಬೊಬ್ಬರನ್ನೇ ಹಿಡಿದು, "ಸಂಜೆ ಎಂತ ಕೆಲಸ ಉಂಟು? ಮಕ್ಕಳನ್ನು ಕರ್ಕೊಂಡು ಬನ್ನಿ, ಎಸಿ ಫ್ರೀ" ಎಂದರು. ನಾನೂ ಪೂಜೆ ಮುಗಿಸಿ ಹೊರಬಂದವನು. ನನಗೂ ಅದನ್ನೇ ಹೇಳಿ ಕಣ್ಣು ಮಿಟುಕಿಸಿದರು.

ಜನ ಬಂದರು. ಎಲ್ಲರೂ ಒಂದೇ ಹೊತ್ತಿಗೆ ಬಂದರು. ಮುಂದಿನ ಗೇಟು ಕಿರಿದು, ಚೀಲ ತಪಾಸಣೆಗೆ ಒಬ್ಬನೇ ಕಾವಲುಗಾರ. ಹೊರಗೆ ಸೆಪ್ಟೆಂಬರಿನ ಒದ್ದೆ ಸೆಕೆ. ಹೆಂಗಸರು ಮಕ್ಕಳ ಮುಖ ಒರೆಸುತ್ತಿದ್ದರು, ಕೆಲವರು ಆಗಲೇ ಬಸ್ಸಿನ ಕಡೆ ತಿರುಗಿದ್ದರು. ಒಳಗೆ ಮಾಲೀಕರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು, ಅವರ ಸುತ್ತ ಖಾಲಿ ಕುರ್ಚಿಗಳು. ಗಾಜಿನ ಆಚೆಯಿಂದ ಕಾಕ ಎರಡನ್ನೂ ನೋಡುತ್ತಿದ್ದದ್ದನ್ನು ನಾನು ಕಂಡೆ.

ಅವರು ಹೋಗಿ ಹಿಂಬದಿಯ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ತೆರೆದರು.

"ಯಲ್ಲಾ, ಯಲ್ಲಾ, ಒಳಗೆ ಬನ್ನಿ! ಓ ಬಾಯಮ್ಮ, ಬಸ್ಸು ಎಲ್ಲಿಗೂ ಓಡಿಹೋಗುವುದಿಲ್ಲ!"

ಜನರ ಜೊತೆಗೆ ಹೊರಗಿನ ಗಾಳಿಯೂ ಬಂತು. ಕುರ್ಚಿಗಳು ತುಂಬುತ್ತಿದ್ದಂತೆ ಐಸಿನ ಮೇಲೆ ಹೊಗೆಯಂಥದ್ದೊಂದು ಎದ್ದಿತು. ಮೊದಲು ಆಟಗಾರರ ಕಾಲು ಕಾಣದಾಯಿತು. ಆಮೇಲೆ ಸೊಂಟ. ಬಾಗಿಲು ಮುಚ್ಚುವ ಹೊತ್ತಿಗೆ ಅಂಗಳವೇ ಇರಲಿಲ್ಲ. ಮಂಜು, ಮಂಜಿನೊಳಗಿಂದ ಸ್ಕೇಟಿನ ಅಲಗು ಐಸನ್ನು ಸೀಳುವ ಸದ್ದು, ಒಂದು ಹೆಲ್ಮೆಟ್ಟು ತೇಲಿಬಂದು ಮತ್ತೆ ಕರಗುವುದು…

"ಇದೆಂತ ಮಾರ್ರೆ, ಬಾಲ್ ಎಲ್ಲಿ?" ನನ್ನ ಹಿಂದೆ ಒಬ್ಬರು ಹೆಂಗಸು.

"ಬಾಲ್ ಅಲ್ಲ, ರಬ್ಬರಿನ ಒಂದು ಕಪ್ಪು ಬಿಲ್ಲೆ," ಎಂದರು ಗಂಡ.

"ಅದಾದ್ರೂ ಎಲ್ಲಿ?"

"ಸುಮ್ನಿರು. ಊರಿಗೆ ಹೋದ್ರೆ ಹಾಕಿ ನೋಡಿದ್ದೇವೆ ಅಂತ ಹೇಳ್ಬಹುದು."

ರೆಫರಿ ಆಟ ನಿಲ್ಲಿಸಿದ. ಕಾಕ ತಂಡದ ಉದ್ದದ ಬಟ್ಟೆಯ ಬ್ಯಾನರನ್ನು ಗೋಡೆಯಿಂದ ಕಿತ್ತು ತಂದು ನಾಲ್ಕು ಮೂಲೆಯನ್ನು ನಾಲ್ವರು ಆಟಗಾರರ ಕೈಗೆ ಕೊಟ್ಟರು. ಬಂದರಿನಲ್ಲಿ ಐಸ್ ಕೋಣೆಯ ಮಂಜನ್ನು ಗೋಣಿ ಬೀಸಿ ಓಡಿಸುತ್ತಿದ್ದರಂತೆ. ಹುಡುಗರು ಬ್ಯಾನರ್ ಹಿಡಿದು ಸುತ್ತಿದರು. ಮಂಜು ಎದ್ದು, ಚದುರಿ, ಮತ್ತೆ ಇಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅದೇ ಆಟವೆಂದು ಅವರು ತಿಳಿದಿರಬೇಕು. ಹೀಗೆ ನಿಂತು ನಿಂತು ಪಂದ್ಯ ಸಾಗಿತು. ಆ ಸಂಜೆಯ ಉದ್ದ ಎಷ್ಟೆಂದು ಗಡಿಯಾರ ನೋಡಿ ಬರೆದುಕೊಂಡಿದ್ದೇನೆ. ಆದರೂ ನೆನಪಿನಲ್ಲಿ ಅದಕ್ಕೆ ಉದ್ದವೇ ಇಲ್ಲ.

ಕೊನೆಯಲ್ಲಿ ಸ್ಕೋರು ಸಮವಾಗಿತ್ತು. ಮಂಜಿನೊಳಗೆ ಕೋಲು ಬಡಿದ ಸದ್ದು, ಆಮೇಲೆ ಮಂದವಾಗಿ 'ಥಪ್' ಎಂದದ್ದು. ನನ್ನ ಪಕ್ಕದಲ್ಲಿದ್ದ ಕಾಕ ಕಿವಿ ಓರೆ ಮಾಡಿದರು. "ಆಯ್ತು. ಬಲೆಗೆ ಬಿತ್ತು," ಎಂದರು. ಅದಾದ ಮೇಲೆ ಗೋಲಿನ ಹಿಂದಿನ ಕೆಂಪು ದೀಪ ಮಂಜಿನಲ್ಲಿ ಅರಳಿತು. ಹೊಸದಾಗಿ ಕಟ್ಟಿದ ತಂಡದ ಮೊದಲ ಗೆಲುವು. ಇಡೀ ಕಟ್ಟಡ ಎದ್ದು ನಿಂತು ಕೂಗಿತು. ನಾನು ವರದಿಗಾಗಿ ಹತ್ತಾರು ಜನರನ್ನು ವಿಚಾರಿಸಿದೆ. ಗೋಲನ್ನು ಕಣ್ಣಾರೆ ಕಂಡವರು ಒಬ್ಬರೂ ಸಿಗಲಿಲ್ಲ. ಹೊರಡುವಾಗ ಮಾಲೀಕರು ತರಬೇತುದಾರನ ಕೈ ಹಿಡಿದು ಕುಲುಕಿದರು. ತಂಡ ಉಳಿಯಿತು.

ಮಂಜಿಗೆ ಕಾರಣ ಯಂತ್ರದ ದೋಷ ಎಂದು ತಂಡದ ಮ್ಯಾನೇಜರ್ ನನಗೆ ಹೇಳಿದ. ನಾನು ಕಂಡದ್ದು ಬೇರೆ. ಕಾಕನ ಹತ್ತಿರ ಹೋದೆ. ಅವರು ಐಸಿನ ಗಾಯಗಳ ಮೇಲೆ ನೀರು ಬಿಡುತ್ತಿದ್ದರು, ಮುಖವೆಲ್ಲ ನಗು.

"ನನ್ನ ಮಷೀನಿಗೆ ದೋಷವಾ? ಮಾಫಿ, ಇಲ್ಲವೇ ಇಲ್ಲ! ಬಾಗಿಲು ತೆಗೆದವ ನಾನು ಅಂತ ಬರೀರಿ ಪೇಪರಿನವರೇ. ಹೆಸರು ಸರಿಯಾಗಿ ಹಾಕಿ, ತಂದೆಯ ಹೆಸರೂ ಸೇರಿಸಿ."

ಅಕ್ಷರ ಅಕ್ಷರ ಕೇಳಿ ಬರೆದುಕೊಂಡೆ. ಬರೆದೆ. ಅದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಪತ್ರಿಕೆ ಬಂದ ದಿನ ಅವರು ಅದನ್ನು ನನ್ನಿಂದಲೇ ಕನ್ನಡದಲ್ಲಿ ಓದಿಸಿದರು. ತಮ್ಮ ಹೆಸರಿರುವ ಸಾಲನ್ನು ಎರಡು ಸಲ ಓದಿಸಿದರು. ಮನೆಗೆ ಕಳುಹಿಸಲು ಇನ್ನೊಂದು ಪ್ರತಿ ಬೇಕೆಂದರು. ಅದೇ ಮಧ್ಯಾಹ್ನ ಮ್ಯಾನೇಜರನೂ ಆ ಸಾಲನ್ನು ಓದಿದ. ನಿಯಮ ಬರೆದು ಅಂಟಿಸಿದವನೇ ನಿಯಮ ಮುರಿದಿದ್ದಾನೆ, ಆಟಗಾರರ ಜೀವಕ್ಕೆ ಅಪಾಯ ತಂದಿದ್ದಾನೆ ಎಂದು ಕೆಲಸದಿಂದ ತೆಗೆದ ಪತ್ರ ಕೊಟ್ಟ. ನಾನು ಹೋಗಿ ವಾದಿಸಿದೆ. ಆತ ನನ್ನ ವರದಿಯನ್ನೇ ನನ್ನ ಮುಂದಿಟ್ಟು, ಇದರಲ್ಲಿ ಯಾವುದು ಸುಳ್ಳು ಎಂದು ಕೇಳಿದ. ಇದನ್ನು ಅಚ್ಚು ಮಾಡಿದರೆ ಕಾಕನಿಗೆ ಏನಾದೀತು ಎಂದು ನಾನು ಕೇಳಿಕೊಂಡಿರಲಿಲ್ಲ. ಅವರೂ ಕೇಳಿಕೊಂಡಿರಲಿಲ್ಲ. ಕೇಳಬೇಕಾಗಿದ್ದದ್ದು ನಾನು.

ಹೊರಡುವ ದಿನ ಕಾಕ ಅಂಗಳದ ನಡುವೆ ಕುಳಿತು ಕೊನೆಯ ಸಲ ಬೀಗದ ಕೈಯಿಂದ ತಟ್ಟಿದರು.

"ನಾನು ಹೀಗೆ ಬರೆಯಬಾರದಿತ್ತು ಕಾಕ," ಎಂದೆ.

"ಸುಳ್ಳು ಬರೀತಿದ್ರಾ ಹಾಗಾದ್ರೆ?" ಬೀಗದ ಕೈ ಒರೆಸಿ ಜೇಬಿಗೆ ಹಾಕಿಕೊಂಡರು. "ಐಸ್ ಉಂಟಲ್ಲ. ಖಲಾಸ್, ಅಷ್ಟು ಸಾಕು."

ಅವರು ಮತ್ತೆ ಬಂದರಿಗೆ ಹೋದರು, ಮೀನಿನ ಐಸಿಗೆ. ತಂಡ ಆಮೇಲೆ ಅನೇಕ ಪಂದ್ಯಗಳನ್ನು ಗೆದ್ದಿತು. ಎಲ್ಲವೂ ಕಣ್ಣಿಗೆ ಸ್ಪಷ್ಟವಾಗಿ ಕಂಡವು, ಎಲ್ಲವನ್ನೂ ಬರೆದೆ, ಈಗ ಒಂದೂ ನೆನಪಿಲ್ಲ. ಎರಡು ವರ್ಷಗಳ ಹಿಂದೆ ಅವರ ಅಳಿಯ ಫೋನ್ ಮಾಡಿದ್ದ. ಕಾಕ ತೀರಿಕೊಂಡಿದ್ದರು. ಅವರ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಪೇಪರಿನ ತುಂಡೊಂದು ಮಡಿಸಿಟ್ಟದ್ದು ಸಿಕ್ಕಿತೆಂದು ಹೇಳಿದ. "ಮಾವನ ಹೆಸರು ಕಾಣ್ತದೆ. ಎಂತ ಬರೆದಿದ್ದಾರೆ ಇದರಲ್ಲಿ? ಪ್ರೈಸ್ ಏನಾದ್ರೂ ಸಿಕ್ಕಿತ್ತಾ?"

ಹೌದು, ಅಂಥದ್ದೇ, ಎಂದೆ.

ಮೀನಿನಂಗಡಿಯವನು ಏನು ಬೇಕೆಂದು ಎರಡನೆಯ ಸಲ ಕೇಳಿದ. ಅಂಜಲ್ ತೋರಿಸಿದೆ. ಅವನು ತೂಕಕ್ಕೆ ತಿರುಗಿದಾಗ ಕಾರಿನ ಕೀಲಿ ತೆಗೆದು, ಅಂಚಿನಲ್ಲಿದ್ದ ಐಸಿನ ಗಡ್ಡೆಯೊಂದನ್ನು ಮೆಲ್ಲಗೆ ತಟ್ಟಿದೆ. ಕಿವಿಗೊಟ್ಟೆ. ನನಗೆ ಏನೂ ತಿಳಿಯಲಿಲ್ಲ.

ಆ ದಿನದ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ತಂದೆಯ ಹೆಸರು ಸೇರಿಸಿ ಅವರ ಪೂರ್ತಿ ಹೆಸರು ಅದರಲ್ಲಿದೆ. ಇಲ್ಲಿ ಅದನ್ನು ಬರೆಯುವುದಿಲ್ಲ. ಒಮ್ಮೆ ಬರೆದದ್ದು ಸಾಕು.