ಅಪ್ಪನ ಅಂಗಿ ಗುಂಡಿ, ನನ್ನ ಲೋಕಲ್ ಗಾಡಿ

ತಡೀರಿ, ಪುಟ ತಿರುವಬ್ಯಾಡ್ರಿ. ಇದೊಂದು ಕೇಳಿ ಆಮ್ಯಾಲೆ ಮುಂದ ಹೋಗ್ರಿ. ಘಾಟ್ಕೋಪರಿನ ಪ್ರದರ್ಶನದಾಗ ನನಗಾದ ಅನ್ಯಾಯ ಹೇಳಾಕ ಕುಂತೇನಿ. ಸಿಟ್ಟಿನ್ನೂ ಇಳದಿಲ್ಲ. ಟೈಪ್ ಮಾಡೂದೂ ಜಗಳಾಡಿದಂಗ ಆಗಾಕತ್ತೈತಿ, ಮಶೀನಿನ ಸಪ್ಪಳಕ್ಕ ಅವ್ವ ಒಳಗಿಂದ "ಹಗೂರಕ ಬಡಿಯೋ" ಅಂತಾಳ.

ನಾವಿರೂದು ಆಂಟಾಪ್ ಹಿಲ್ ಕ್ವಾರ್ಟರ್ಸಿನಾಗ. ಅಪ್ಪ ಧಾರವಾಡದಿಂದ ಬಂದು ಇಲ್ಲಿ ನೌಕರಿ ಹಿಡದವರು. ನನಗ ಸಣ್ಣಂದಿನಿಂದ ಲೋಕಲ್ ರೈಲುಗಾಡಿ ಹುಚ್ಚು. ಏರೂ ಹುಚ್ಚಲ್ಲ, ಅದನ್ನ ಸಣ್ಣದಾಗಿ ಮಾಡೂ ಹುಚ್ಚು. ಯಾರೂ ಕಲಿಸಿಲ್ಲ. ಮೊಳಕೈ ಉದ್ದದ ಡಬ್ಬಿ, ತಗಡಿನ ಮೈ, ಕಿಟಕಿ, ಒಳಗ ನಿಂತವರು ಜೋತುಬೀಳೂ ಹಿಡಿಕಿ, ಎಲ್ಲ ಆತು. ಕಷ್ಟ ಇದ್ದದ್ದು ಕೆಳಗ. ನೀವು ಪ್ಲಾಟ್‌ಫಾರ್ಮಿನ ತುದೀಗೆ ನಿಂತಾಗ ಒಮ್ಮೆ ಗಾಲಿ ಕಡೆ ನೋಡ್ರಿ. ಗಾಲಿ ಹಿಡದ ಕಬ್ಬಿಣದ ಚೌಕಟ್ಟು, ಅದರಾಗ ಸುರುಳಿ ಸ್ಪ್ರಿಂಗು, ಗಾಲಿ ನಡುವಿಗೆ ದುಂಡನ ಮುಚ್ಚಳ, ಬ್ರೇಕಿನ ಕೋಲು, ಒಂದರಾಗ ಒಂದು ಸಿಕ್ಕೊಂಡಿರ್ತಾವ. ಇಂಥಾದ್ದು ಒಂದು ಕೈಯಿಂದ ಮಾಡಬಹುದು. ಆದ್ರ ಎಲ್ಲಾ ಡಬ್ಬಿಗೂ, ಎರಡೂ ಮಗ್ಗಲಿಗೂ ಬೇಕಲ್ಲ, ಎಲ್ಲಾ ಒಂದಽ ತರ ಇರಬೇಕಲ್ಲ! ಅದಕ್ಕ ಒಂದು ಮಾದರಿ ಮಾಡಿ, ಅದರ ಅಚ್ಚು ತಗದು, ಅಚ್ಚಿನಾಗ ರೆಸಿನ್ ಅನ್ನೂ ಗಟ್ಟಿ ಆಗೂ ರಾಳ ಹೊಯ್ಯೂದು ಅಂತ ಠರಾಯಿಸಿದೆ.

ಮಾದರಿ ಮಾಡಿದ್ದು ಮನಿ ಸಾಮಾನಿನಾಗಽ. ಚೌಕಟ್ಟಿಗೆ ಬೆಂಕಿಕಡ್ಡಿ ಮತ್ತ ರಟ್ಟು. ಸ್ಪ್ರಿಂಗಿಗೆ ತಾಮ್ರದ ತಂತಿ, ಸ್ವೆಟರ್ ಸೂಜಿಗೆ ಸುತ್ತಿದ್ದು. ದುಂಡನ ಮುಚ್ಚಳಕ್ಕ ಅವ್ವನ ಸೂಜಿ-ದಾರದ ಡಬ್ಬಿಯಿಂದ ಅಪ್ಪನ ಆಫೀಸ್ ಅಂಗಿಯ ಗುಂಡಿ. ಅದರ ಅಂಚಿಗೆ ಒಂದು ಸಣ್ಣ ಚೂರು ಹಾರಿತ್ತು, ಧೋಬಿ ಕಲ್ಲಿಗೆ ಬಡದಾಗ. ನಾಲ್ಕು ತೂತಿಗೆ ಮೇಣ ತುಂಬಿದೆ. ಮೇಣ ಒಂದೀಟು ಕುಸೀತು, ನಾಲ್ಕು ತಗ್ಗು ಉಳದ್ವು. ಬೋಲ್ಟ್ ಬಡದಂಗ ಛಲೋ ಕಾಣ್ತಾವಂತ ಹಂಗಽ ಬಿಟ್ಟೆ. ಅವ್ವ ತಾನಽ ಡಬ್ಬಿಯೊಳಗ ತಗದಿಟ್ಟದ್ದು ಮರತು, ಆ ಗುಂಡಿ ಹುಡುಕಿ ಹುಡುಕಿ ಕಡೀಗೆ ಧೋಬಿ ಮ್ಯಾಲೆ ಹಾಕಿದ್ಲು. "ಮದಲ ಒಡದ, ಈಗ ಕದ್ದ!"

ಇನ್ನು ರಬ್ಬರು. ಸಿಲಿಕೋನ್ ರಬ್ಬರು ಅಂತ ಕೇಳಿದ್ರ ನಮ್ಮ ಕಡೆ ಅಂಗಡಿಯವರು ಸೈಕಲ್ ಟ್ಯೂಬ್ ತೋರಸ್ತಾರ. ಕೆಳಗಿನ ಮಾಳಿಗಿ ಚಾಚಾ ಇಲ್ಲದಿದ್ರ ನನ್ನ ಕತಿ ಅಲ್ಲೇ ಮುಗೀತಿತ್ತು. ಚಾಚಾ ವಿಜಾಪುರದವರು, ಅಂಧೇರಿಯ ಒಂದು ಸ್ಟುಡಿಯೋದಾಗ ಸಿನಿಮಾ ಸೆಟ್ ಕಟ್ಟೂ ಕೆಲಸ. ಅಲ್ಲಿ ಅಚ್ಚಿಗೆ ತಂದ ರಬ್ಬರಿನ ಡಬ್ಬಿ ತಳದಾಗ ಉಳದದ್ದು ಒಂದೀಟು ಹಿಡಕೊಂಡು ಬಂದ್ರು.

"ತಗೋ ಬೇಟಾ, ಖೀರ್ ಇದ್ದಂಗ ಐತಿ ಅಂತ ನೆಕ್ಕಬ್ಯಾಡ ಮತ್ತ! ಈ ಬಾಟ್ಲಿ ಔಷಧ ಹಾಕಿದ್ರ ಗಟ್ಟಿ ಆಗ್ತೈತಿ. ಎಷ್ಟು ಹಾಕಬೇಕು ಅಂತ ನನ್ನ ಕೇಳಬ್ಯಾಡ, ನಾ ಬಡಗಿ."

ಎಷ್ಟು ಹಾಕಬೇಕು ಅನ್ನೂದು ನಾನಽ ಕೆಡಿಸಿ ಕೆಡಿಸಿ ಕಲತೆ. ಗಣಪತಿ ಮಾಡೂ ಶಾಡೂ ಮಣ್ಣು ತಂದು, ಮಿಠಾಯಿ ಡಬ್ಬಿಯೊಳಗ ಹಾಸಿ, ಮಾದರಿನ್ನ ಅರ್ಧ ಮಣ್ಣಾಗ ಹುಗದು, ಮ್ಯಾಲಿನ ಅರ್ಧಕ್ಕ ರಬ್ಬರು ಹೊಯ್ದೆ. ಎತ್ತರದಿಂದ, ದಾರದಂಗ ಸಣ್ಣಗ ಹೊಯ್ಯಬೇಕು, ಅಂದ್ರ ಗಾಳಿಗುಳ್ಳಿ ಒಡೀತಾವ. ಅದು ಗಟ್ಟಿ ಆದ ಮ್ಯಾಲೆ ಹೊಳ್ಳಿ ಹಾಕಿ, ಮಣ್ಣು ತಗದು, ಇನ್ನೊಂದು ಅರ್ಧ ಹೊಯ್ದೆ. ಮರುದಿನ ನೋಡಿದ್ರ ಎರಡೂ ಅರ್ಧ ಕೂಡಿ ಒಂದಽ ಗಡ್ಡಿ! ಈ ರಬ್ಬರು ಮತ್ತ್ಯಾತಕ್ಕೂ ಅಂಟೂದಿಲ್ಲ, ತನಗ ತಾನು ಮಾತ್ರ ಬಿಡದಂಗ ಅಂಟತೈತಿ. ನಡುವ ವ್ಯಾಸಲೀನ್ ಸವರಬೇಕು ಅಂತ ಆಗ ತಿಳೀತು. ಬ್ಲೇಡಿನಿಂದ ಕೊಯ್ದು ಮಾದರಿನ್ನ ಬದುಕಿಸಿಕೊಂಡೆ, ಚಾಚಾನ ಮುಂದ ಮತ್ತ ಕೈ ಒಡ್ಡಿದೆ. "ಸ್ಟುಡಿಯೋನ ನಿನ್ನ ಮನೀಗೆ ತರಲೇನೊ?" ಅಂದ್ರು, ಆದ್ರೂ ತಂದ್ರು.

ಎರಡನೇ ಸಲ ಆತು. ಗಾಳಿ ಹೊರಗ ಹೋಗಾಕ ಕಸಬರಗಿ ಕಡ್ಡಿ ಇಟ್ಟು ಸಂದಿ ಮಾಡಿದ್ದೆ. ಅಚ್ಚು ಬಿಚ್ಚುವಾಗ ಮಾದರಿ ಪುಡಿಪುಡಿ ಆತು. ಸ್ಪ್ರಿಂಗಿನ ಸಂದಿಯೊಳಗ ರಬ್ಬರು ಹೊಕ್ಕು ಹಿಡಕೊಂಡಿತ್ತು, ಜಗ್ಗಿದ್ರ ಕಡ್ಡಿ ಮುರದ್ವು, ಗುಂಡಿ ಎರಡು ಹೋಳಾತು. ಅವ್ವ ಎಲ್ಲ ಕಸ ಅಂತ ಗುಡಿಸಿ ಒಗದ್ಲು. ನನಗೇನೂ ಅನ್ನಿಸಲಿಲ್ಲ, ಅಚ್ಚು ಉಳೀತಲ್ಲ! ರೆಸಿನ್ ಹೊಯ್ದು, ಅಚ್ಚು ಒಂದು ಮಗ್ಗಲಿಗೆ ವಾರಿ ಮಾಡಿ ತಟ್ಟಿ ತಟ್ಟಿ ಗಾಳಿ ಬಿಡಿಸಿ, ಗಟ್ಟಿ ಆದ ಮ್ಯಾಲೆ ರಬ್ಬರು ಸುಲದ್ರ, ಏನ್ ಹೇಳ್ಲಿ! ತಂತಿ ಸುರುಳಿ ಸುದ್ದಾ ಎಣಸಬಹುದಿತ್ತು. ಸಣ್ಣ ಸಣ್ಣ ಗುಳ್ಳಿ ಎಲ್ಲ ಕೆತ್ತಿ, ಅಂಚು ಉಜ್ಜಿ, ಕರೇ ಬಣ್ಣ ಬಳದೆ. ವಾಸನಿಗೆ ಅವ್ವ ಮೂಗಿಗೆ ಸೆರಗು ಹಿಡಕೊಂಡು "ಮನೀ ಅನ್ನೂದು ದವಾಖಾನಿ ಆತು" ಅಂತಿದ್ಲು.

ಘಾಟ್ಕೋಪರಿನ ಒಂದು ಸಾಲಿ ಹಾಲಿನಾಗ ಹವ್ಯಾಸದ ಪ್ರದರ್ಶನ ಇತ್ತು. ಪ್ರತಿ ಮಾಡೆಲ್ ಮುಂದ ಒಂದು ಕಾರ್ಡ್ ಇಡ್ತಾರ: ಒಂದೋ "ಸ್ವಂತ ಕೈಯಿಂದ ಮಾಡಿದ್ದು", ಇಲ್ಲಾ "ರೆಡಿಮೇಡ್ ಭಾಗ ಜೋಡಿಸಿದ್ದು". ನನಗ ಬಕ್ಷೀಸು ಬೇಕಿರಲಿಲ್ಲ, ಆ ಮೊದಲನೇ ಕಾರ್ಡ್ ಬೇಕಿತ್ತು. ಆ ಒಂದು ಕಾರ್ಡಿನ ಸಲುವಾಗಿ ಅಚ್ಚನ್ನೂ ಚೀಲದಾಗ ಹಾಕ್ಕೊಂಡು ಹೋಗಿದ್ದೆ, ಯಾರರ ಕೇಳಿದ್ರ ತೋರಸಾಕ.

ಜಜ್ಜು ಸಾಹೇಬ್ರು ಬಂದ್ರು, ಸಫಾರಿ ಸೂಟು, ಕಿಸೆದಾಗ ಭೂತಗನ್ನಡಿ. ಬಗ್ಗಿ ನೋಡಿದ್ರು. ಮತ್ತ ನೋಡಿದ್ರು. ನನ್ನ ಎದಿ ಹಿಗ್ಗಾಕ ಶುರು ಆಗಿತ್ತು. ಅಷ್ಟರಾಗ ನಕ್ಕು ಅಂದ್ರು:

"ಯೇ ತೋ ಫಾರಿನ್ ಕಾ ಮಾಲ್ ಹೈ."

"ಇಲ್ಲ ಸರ್, ನಾನಽ ಎರಕ ಹೊಯ್ದದ್ದು."

"ಅರೆ ಬೇಟಾ, ಇಷ್ಟು ಸಾಫ್ ಕೆಲಸ ಮನ್ಯಾಗ ಆಗೂದಿಲ್ಲ."

ಚೀಲದಿಂದ ಅಚ್ಚು ತಗದು ಕೈಯಾಗ ಕೊಟ್ಟೆ. ತಿರುಗಿಸಿ ನೋಡಿದ್ರು. "ಹಾಂ! ಅಂದ್ರ ಫಾರಿನ್ ಭಾಗದ ಮ್ಯಾಲೆ ಇದನ್ನ ಹೊಯ್ದು ಕಾಪಿ ಹೊಡದಿ. ಮಾದರಿ ಎಲ್ಲೈತಿ?"

"ಮುರೀತು ಸರ್."

"ಮುರೀತು," ಅಂತ ಪಕ್ಕದವರ ಕಡೆ ನೋಡಿ ಕಣ್ಣು ಹೊಡದು, ನನ್ನ ಗಾಡಿ ಮುಂದ ಎರಡನೇ ಕಾರ್ಡ್ ಇಟ್ರು.

ಹೇಳ್ರಿ ಈಗ! ಅಚ್ಚು ಇಲ್ಲದಿದ್ರ ಕೊಂಡು ತಂದದ್ದು, ಅಚ್ಚು ಇದ್ರ ಕದ್ದದ್ದು. ನನ್ನ ಗುಳ್ಳಿ ಎಲ್ಲ ಉಜ್ಜಿ ತಗದದ್ದಽ ನನಗ ಮುಳುವಾತು. ಬಾಜೂ ಟೇಬಲ್ಲಿನ ಮ್ಯಾಲೆ ಒಂದು ವಿಮಾನ ಇತ್ತು, ರೆಕ್ಕಿ ಸೊಟ್ಟ, ಅಂಟು ಸೋರಿ ಮೈತುಂಬ ಹಳದಿ. ಸಾಹೇಬ್ರು ಅದನ್ನ ತೋರಿಸಿ, "ಕೈಕೆಲಸ ಅಂದ್ರ ಹಿಂಗಿರ್ತೈತಿ" ಅಂತ ನನಗ ಪಾಠ ಹೇಳಿದ್ರು! ಅದಕ್ಕ ಮೊದಲನೇ ಕಾರ್ಡು. ಆ ವಿಮಾನದ ಹುಡುಗ ಒಳ್ಳೆಯವ, ಅವನ ಮ್ಯಾಲೆ ನನಗ ಸಿಟ್ಟಿಲ್ಲ. ಆಮ್ಯಾಲೆ ನನ್ನ ಕಿವಿಯಾಗ ಅಂದ, "ನಂದಽ ಫಾರಿನ್ ರೆಡಿಮೇಡ್ ಡಬ್ಬಿಯಿಂದ ಬಂದದ್ದು ದೋಸ್ತ್, ನನ್ನ ಯಾರೂ ಕೇಳಲಿಲ್ಲ."

ಅಷ್ಟರಾಗ ಅವ್ವ ಬಂದ್ಲು. ಚಾಚಾ ಕರಕೊಂಡು ಬಂದಿದ್ರು. ನನ್ನ ಮುಖ ನೋಡಿ ಏನೋ ಆಗೇತಿ ಅಂತ ಆಕಿಗೆ ಗೊತ್ತಾತು, ಆದ್ರ ಕಣ್ಣು ಹೋದದ್ದು ಗಾಡಿ ಕಡೆ. ಬಗ್ಗಿದ್ಲು. ಬೆರಳು ಇಟ್ಟು ಗಾಲಿ ಮುಚ್ಚಳ ಮುಟ್ಟಿದ್ಲು.

"ಏ ಹಡಬಿಟ್ಟಿ! ನಿಮ್ಮಪ್ಪನ ಅಂಗಿ ಗುಂಡಿ ಅಲ್ಲೇನೊ ಇದು?"

ಹಾಲಿಗೆ ಹಾಲಽ ತಿರುಗಿ ನೋಡ್ತು. "ನಾಲ್ಕು ತೂತು ನೋಡು! ಇಲ್ಲಿ ಧೋಬಿ ಹಾರಿಸಿದ ಚೂರು ನೋಡು! ಇದಕ್ಕೂ ಅಲ್ಲೇ, ಅದಕ್ಕೂ ಅಲ್ಲೇ. ಪಾಪ, ಆ ಧೋಬಿನ್ನ ಕಳ್ಳ ಅಂದೆನಲ್ಲೊ!" ಆಮ್ಯಾಲೆ ಸಾಹೇಬ್ರ ಕಡೆ ತಿರುಗಿ ತನ್ನ ಆಂಟಾಪ್ ಹಿಲ್ ಮರಾಠಿಯಾಗ, "ಹೀ ಆಮಚ್ಯಾ ಘರಚೀ ಗುಂಡೀ ಆಹೆ!" ಅಂದ್ಲು, ಇದು ನಮ್ಮ ಮನೀ ಗುಂಡಿ ಅಂತ.

ಸಾಕ್ಷಿ ಬಂತು ಅಂತ ಚಾಚಾ ಚಪ್ಪಾಳಿ ಹೊಡದ್ರು. "ಲೋ ಸಾಬ್, ಗವಾಹ್ ಆ ಗಯಾ!"

ಸಾಹೇಬ್ರು ಭೂತಗನ್ನಡಿ ತಗದ್ರು. ಒಂದು ಮುಚ್ಚಳ ನೋಡಿದ್ರು, ಇನ್ನೊಂದು ನೋಡಿದ್ರು. ಎಲ್ಲಾದ್ರಾಗೂ ನಾಲ್ಕು ತಗ್ಗು, ಎಲ್ಲಾದ್ರಾಗೂ ಅದಽ ಜಾಗಾದಾಗ ಅದಽ ಚೂರು. ರಬ್ಬರು ಸುಳ್ಳು ಹೇಳೂದಿಲ್ರಿ, ಇದ್ದದ್ದು ಇದ್ದಂಗ ಹಿಡೀತೈತಿ. ಯಾವ ದೇಶದ ಕಾರಖಾನಿಯವರು ನಮ್ಮ ಧೋಬಿ ಪೆಟ್ಟು ಮಾರಾಕ ಇಡ್ತಾರ? ಮುಗೀತು, ಕಾರ್ಡ್ ಬದಲಿ ಮಾಡ್ತಾರ ಅಂತ ನಾ ಕೈ ಸುದ್ದಾ ಮುಂದ ಮಾಡಿದ್ದೆ.

ಸಾಹೇಬ್ರು ಕನ್ನಡಿ ಕಿಸೆದಾಗ ಇಟಗೊಂಡು ಅಂದ್ರು, "ಗುಂಡಿ. ಅಂಗಡ್ಯಾಗ ಸಿಗೂದು. ಅಂದ್ರ ರೆಡಿಮೇಡ್ ಭಾಗಽ ಆತಲ್ಲ! ಕಾರ್ಡ್ ಬರೋಬರಿ ಐತಿ."

ಹೋಗಿಬಿಟ್ರು! ಬೆಂಕಿಕಡ್ಡಿ ನಾ ಬೆಳೀಬೇಕಿತ್ತೇನು? ತಾಮ್ರ ನಾ ಅಗೀಬೇಕಿತ್ತೇನು? ಗುಂಡಿ ಬರೇ ಮಾದರಿಗಿತ್ತು, ಗಾಡಿಗೆ ಹಚ್ಚಿದ್ದು ರೆಸಿನ್ನು, ನಾ ಹೊಯ್ದದ್ದು ಅಂತ ಹಿಂದಽ ಹೋಗಿ ಹೇಳಿದೆ. ಚಾ ಕುಡ್ಯಾಕ ಕುಂತಿದ್ರು, ಬಿಸ್ಕೀಟು ಅದ್ದಿಕೋತ ಆ ಕಡೆ ಸರಿ ಅಂತ ಕೈ ಮಾಡಿದ್ರು. ಮೊದಲ ಕೆಲಸ ಅತಿ ಛಲೋ ಐತಿ ಅಂತ ನಂದಲ್ಲ ಅಂದ್ರು. ನಂದಽ ಅಂತ ತಿಳಿದ ಮ್ಯಾಲೆ ಅದು ಕೆಲಸಽ ಅಲ್ಲ ಅಂದ್ರು. ನಮ್ಮ ಕೈಗೆ ಸೊಟ್ಟ ರೆಕ್ಕಿ ಅಷ್ಟಽ ಮಾಡಾಕ ಬರ್ತೈತಿ ಅಂತ ಇವರಿಗೆ ಯಾರು ಹೇಳಿದ್ರು?

ಅವ್ವ ಕಾರ್ಡಿನ ಮ್ಯಾಲೆ ಏನು ಬರದಾರ ಅಂತ ಕೇಳಿದ್ಲು. ಹೇಳಿದೆ. "ಹಂಗಾರ ನಿನ್ನೂ ರೆಡಿಮೇಡ್ ತಂದೇನಿ ಅಂತ ಬರೀಲಿ," ಅಂದು, ಕಾರ್ಡನ್ನ ಬೋರಲು ಹಾಕಿ ಇಟ್ಲು.

ಮನೀಗೆ ಬಂದು ಅಚ್ಚಿನಾಗ ಇನ್ನೊಂದು ಹೊಯ್ದೆ. ಮುಚ್ಚಳ ಅಷ್ಟಽ ಕತ್ತರಿಸಿ, ಆ ನಾಲ್ಕು ತಗ್ಗಿನಾಗಽ ತೂತು ಕೊರದು ಅವ್ವನ ಕೈಯಾಗ ಕೊಟ್ಟೆ. ಅಪ್ಪನ ಅಂಗಿಗೆ ಹೊಲದ್ಲು, ಧೋಬಿ ಪೆಟ್ಟು ಸಮೇತ. ಅಪ್ಪ ಅದನ್ನ ಹಾಕ್ಕೊಂಡಽ ಲೋಕಲ್ ಹಿಡೀತಾರ. ಅಂಗಡಿ ಗುಂಡಿ ನಡುವ ಅದು ಯಾವುದು ಅಂತ ಇಲ್ಲೀತನಾ ಒಬ್ರೂ ಹೇಳಿಲ್ಲ. ಆ ಸಾಹೇಬ್ರು ಇದಕ್ಕ ಯಾವ ಕಾರ್ಡ್ ಇಡ್ತಿದ್ರೋ ನೋಡಬೇಕಿತ್ತು.

ನಿಮಗೂ ಹಿಂಗ ಆಗಿರಬೇಕಲ್ರೀ? ಹೆಣದದ್ದು, ಕೆತ್ತಿದ್ದು, ರಿಪೇರಿ ಮಾಡಿದ್ದು, ಏನರ ಇರಲಿ, ಛಲೋ ಆತು ಅನ್ನೂ ಒಂದಽ ತಪ್ಪಿಗೆ ನಿಮ್ಮದಲ್ಲ ಅನ್ನಿಸಿಕೊಂಡಿದ್ರ ಈ ಪತ್ರಿಕೆಗೆ ಬರೀರಿ. ಯಾರು ಏನಂದ್ರು, ನೀವೇನಂದ್ರಿ, ಎಲ್ಲ ಬರೀರಿ. ಸಿಟ್ಟು ನನ್ನೊಬ್ಬಂದಽ ಆಗಬಾರದು.